ಶವಸಂಸ್ಕಾರಕ್ಕೆ ಆರ್ಗನ್ ನುಡಿಸುವಾಗ ಭಾವ ಎಲ್ಲಿಂದ ಬರಬೇಕು?

ಪ್ರಶ್ನೆ: ನಾನು ಹದಿನೈದು ವರ್ಷದಿಂದ ಪಿಯಾನೊ ನುಡಿಸುತ್ತಿದ್ದೇನೆ. ಎರಡು ವರ್ಷದಿಂದ ಚರ್ಚಿನಲ್ಲಿ ಪೈಪ್ ಆರ್ಗನ್ ನುಡಿಸುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಭಾನುವಾರದ ಆರಾಧನೆ ಹೇಗೋ ಸಾಗುತ್ತದೆ. ಶವಸಂಸ್ಕಾರದ ದಿನ ಮಾತ್ರ ಕೈ ಸೋಲುತ್ತದೆ. ಬೆರಳು ಎಷ್ಟು ಮೆತ್ತಗೆ ಇಟ್ಟರೂ ಅದೇ ಸದ್ದು, ಯಂತ್ರ ಓಡಿದ ಹಾಗೆ. ಭಾವ ಬರಲಿ ಅಂತ ಟ್ರೆಮುಲೆಂಟ್ ಹಾಕಿದೆ, ಸದ್ದು ಏರಿಸಿ ಇಳಿಸುವ ಸ್ವೆಲ್ ಪೆಡಲ್ ಮೇಲೆ ಕೆಳಗೆ ಆಡಿಸಿದೆ. ಮೊನ್ನೆ ತೀರಿಕೊಂಡವರ ಮಗಳೇ ಬಂದು "ಚೆನ್ನಾಗಿತ್ತು, ಆದರೆ ಸ್ವಲ್ಪ ಸೀರಿಯಲ್ ಥರ ಅನ್ನಿಸಿತು" ಎಂದರು. ಎಲ್ಲಿ ತಪ್ಪುತ್ತಿದ್ದೇನೆ? ಯಾವ ಕೃತಿ ಆರಿಸಬೇಕು? ನುಡಿಸುವಾಗ ನನಗೇ ಅಳು ಬಂದರೆ ಏನು ಮಾಡಲಿ?

ಉತ್ತರ: ಆ ಮಗಳ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಅವರ ಕಿವಿ ಚುರುಕಾಗಿದೆ. ಟ್ರೆಮುಲೆಂಟ್ ಮಾಡುವುದು ಇಷ್ಟೇ: ಪೈಪಿಗೆ ಹೋಗುವ ಗಾಳಿಯನ್ನು ಅಲುಗಿಸಿ ಸ್ವರವನ್ನು ನಡುಗಿಸುತ್ತದೆ. ಆ ನಡುಕ ಮೊದಲಿಂದ ಕೊನೆವರೆಗೆ ಒಂದೇ ವೇಗದಲ್ಲಿ ಇರುತ್ತದೆ. ಹತ್ತು ನಿಮಿಷ ಒಂದೇ ಲೆಕ್ಕದಲ್ಲಿ ನಡುಗುತ್ತಾ ಅಳುವವರು ಯಾರಿದ್ದಾರೆ? ಹಾಗಾಗಿ ಮೊದಲ ಅರ್ಧ ನಿಮಿಷ ಹಿತ ಅನ್ನಿಸಿದ್ದು ಆಮೇಲೆ ನಾಟಕದ ಅಳು ಆಗಿಬಿಡುತ್ತದೆ. ಸ್ವೆಲ್ ಪೆಡಲ್ ಸುಮ್ನೆ ಆಡಿಸಿದರೂ ಅದೇ ಗತಿ. ನಾನೂ ಮೊದಲ ಕೆಲವು ವರ್ಷ ಇದನ್ನೇ ಮಾಡಿದ್ದೇನೆ. ಪಿಯಾನೊದಿಂದ ಬಂದವರೆಲ್ಲ ಮಾಡುತ್ತಾರೆ.

ಪಿಯಾನೊದಲ್ಲಿ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯಲು ಶುರು ಮಾಡುತ್ತದೆ. ನಿಮ್ಮ ಕೆಲಸ ಅದನ್ನು ಹೇಗೆ ಹುಟ್ಟಿಸುತ್ತೀರಿ ಅನ್ನುವುದರಲ್ಲಿ ಮುಗಿಯಿತು. ಮೆತ್ತಗೆ ಬಾರಿಸಿದರೆ ಮೆತ್ತಗೆ, ಜೋರಾಗಿ ಬಾರಿಸಿದರೆ ಜೋರು. ಆರ್ಗನ್‌ನಲ್ಲಿ ಕೀಲಿ ಒತ್ತಿದರೆ ಪೈಪಿನ ಕೆಳಗೆ ಒಂದು ಕವಾಟ ತೆರೆಯುತ್ತದೆ, ಅಷ್ಟೇ. ಗಾಳಿಯ ಒತ್ತಡ ಯಾವಾಗಲೂ ಒಂದೇ. ಸ್ವರ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ನೀವು ಬೆರಳು ಎತ್ತುವವರೆಗೆ ಹಾಗೇ ನಿಂತಿರುತ್ತದೆ. ಅಂದರೆ ಆರ್ಗನ್‌ನಲ್ಲಿ ಸ್ವರಕ್ಕೆ ಸಾವು ತಾನಾಗಿ ಬರುವುದಿಲ್ಲ, ನೀವು ಕೊಡಬೇಕು. ಯಾವಾಗ ಕೊಡುತ್ತೀರಿ, ಎಷ್ಟು ಬೇಗ, ಎಷ್ಟು ತಡವಾಗಿ, ಆಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತೀರಿ? ಭಾವ ಇರುವುದು ಅಲ್ಲಿ.

ಒಂದು ಪ್ರಯೋಗ ಮಾಡಿ. ಚರ್ಚ್ ಖಾಲಿ ಇರುವಾಗ ಹೋಗಿ. 8 ಅಡಿಯ ಫ್ಲೂಟ್ ಸ್ಟಾಪ್ ಒಂದನ್ನೇ ಎಳೆಯಿರಿ (ಸ್ಟಾಪ್ ಅಂದರೆ ಒಂದು ಸಾಲಿನ ಪೈಪುಗಳಿಗೆ ಗಾಳಿ ಬಿಡುವ ಗುಬುಟು; ಅಡಿ ಅನ್ನುವುದು ಪೈಪಿನ ಅಳತೆ, ಅದು ಹೆಚ್ಚಿದಷ್ಟೂ ಸ್ವರ ಕೆಳಗೆ). ಬೇರೆ ಯಾವ ಸ್ಟಾಪೂ ಬೇಡ, ಸ್ವೆಲ್ ಪೆಡಲ್ ಮುಟ್ಟಬೇಡಿ. ಗೊತ್ತಿರುವ ಒಂದು ಹಾಡಿನ ಮೊದಲ ಸಾಲನ್ನು ಬರೀ ಬಲಗೈಯಲ್ಲಿ ನುಡಿಸಿ. ಮೊದಲು ಎಲ್ಲ ಸ್ವರಗಳನ್ನೂ ಒಂದಕ್ಕೊಂದು ಅಂಟಿಸಿ. ಎರಡನೇ ಸಲ ಪದದಿಂದ ಪದಕ್ಕೆ ಕೂದಲೆಳೆಯಷ್ಟು ಬಿಡಿ. ಮೂರನೇ ಸಲ ಆ ಸಾಲಿನ ಮುಖ್ಯ ಪದ ಯಾವುದೋ ನೋಡಿ, ಅದರ ಹಿಂದಿನ ಸ್ವರವನ್ನು ಸ್ವಲ್ಪ ಮೊದಲೇ ಎತ್ತಿಬಿಡಿ. ಆ ಪದ ತಾನಾಗಿ ಎದ್ದು ಕೇಳುತ್ತದೆ. ಸದ್ದು ಒಂದಿಷ್ಟೂ ಜಾಸ್ತಿ ಆಗಿಲ್ಲ, ಆದರೂ ಕಿವಿಗೆ ಅಲ್ಲಿ ಒತ್ತು ಬಿದ್ದ ಹಾಗೆ ಅನ್ನಿಸುತ್ತದೆ. ಪಿಯಾನೊದಲ್ಲಿ ನೀವು ತೋಳಿನ ಭಾರದಿಂದ ಮಾಡುತ್ತಿದ್ದುದನ್ನು ಇಲ್ಲಿ ಚೂರು ಮೌನದಿಂದ ಮಾಡುತ್ತೀರಿ.

ಇದರ ಜೊತೆಗೆ ಸಾಲಿನ ಕೊನೆಯ ಉಸಿರು. ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಕೈಯೂ ಏಳಬೇಕು. ಕೊನೆಯ ಸ್ವರ ಎರಡು ಬೀಟ್ ಇದ್ದರೆ ಒಂದೂವರೆ ನುಡಿಸಿ, ಅರ್ಧ ಬೀಟ್ ಬಿಡಿ. ಸದ್ದು ಜಾಸ್ತಿ ಹೊತ್ತು ಗುಂಯ್‌ಗುಡುವ ದೊಡ್ಡ ಕಟ್ಟಡವಾದರೆ ಇನ್ನೂ ಸ್ವಲ್ಪ ಜಾಸ್ತಿ ಬಿಡಿ. ಇಲ್ಲದಿದ್ದರೆ ಆ ಬಿಡುವನ್ನು ಗುಂಯ್‌ಕಾರವೇ ನುಂಗಿಹಾಕುತ್ತದೆ. ಆದರೆ ಕೈ ಎತ್ತುವುದು ಅಂದರೆ ಕಿತ್ತುಕೊಳ್ಳುವುದಲ್ಲ. ಎಲ್ಲ ಬೆರಳೂ ಕಾಲೂ ಒಟ್ಟಿಗೆ, ಲೆಕ್ಕವಾಗಿ ಏಳಬೇಕು. ಹೊಸಬರು ಸ್ವರ ಒತ್ತುವ ಕಡೆ ಕೊಡುವ ಗಮನದ ಕಾಲುಭಾಗವನ್ನೂ ಬಿಡುವ ಕಡೆ ಕೊಡುವುದಿಲ್ಲ.

ಇನ್ನು ಸ್ವೆಲ್. ಲಂಡನ್‌ನ ಸೇಂಟ್ ಮ್ಯಾಗ್ನಸ್ ಚರ್ಚಿಗೆ 1712ರಲ್ಲಿ ಆರ್ಗನ್ ಕಟ್ಟಿದ ಅಬ್ರಹಾಂ ಜೋರ್ಡನ್ ಒಂದಷ್ಟು ಪೈಪುಗಳನ್ನು ಪೆಟ್ಟಿಗೆಯೊಳಗೆ ಇಟ್ಟು, ಅದರ ಬಾಗಿಲನ್ನು ಕಾಲಿನಿಂದ ತೆರೆದು ಮುಚ್ಚುವ ಹಾಗೆ ಮಾಡಿದರು. ಇವತ್ತಿಗೂ ಉಪಾಯ ಅದೇ, ಒಂದು ಬಾಗಿಲಿನ ಜಾಗದಲ್ಲಿ ಈಗ ಹಲಗೆಗಳ ಸಾಲು ಇರುತ್ತದೆ. ಎರಡು ವಿಷಯ ನೆನಪಿಡಿ. ಒಂದು, ಮುಚ್ಚಿದ ಪೆಟ್ಟಿಗೆ ತೆರೆಯುವಾಗ ಮೊದಲ ಬೆರಳಗಲದಲ್ಲೇ ದೊಡ್ಡ ಬದಲಾವಣೆ ಆಗುತ್ತದೆ. ಕೊನೆಯ ಅರ್ಧ ಭಾಗದಲ್ಲಿ ಹೆಚ್ಚೇನೂ ಆಗುವುದಿಲ್ಲ. ಹಾಗಾಗಿ ಶುರುವಿನಲ್ಲಿ ಪಾದ ಅಲುಗಿದ್ದೇ ಗೊತ್ತಾಗದಷ್ಟು ನಿಧಾನ ಇರಬೇಕು. ಎರಡು, ಮುಚ್ಚಿದ ಪೆಟ್ಟಿಗೆ ಸದ್ದನ್ನು ಕಡಿಮೆ ಮಾಡುವುದರ ಜೊತೆಗೆ ಅದರ ಹೊಳಪನ್ನೂ ತಡೆಯುತ್ತದೆ. ಒಳಗೆ ಗಟ್ಟಿ ಸ್ಟಾಪ್ ಎಳೆದು ಪೆಟ್ಟಿಗೆ ಪೂರ್ತಿ ಮುಚ್ಚಿ ನುಡಿಸಿ ನೋಡಿ. ಪಕ್ಕದ ಕೋಣೆಯಲ್ಲಿ ಯಾರೋ ದನಿ ಬಿಗಿಹಿಡಿದು ಹಾಡುತ್ತಿರುವ ಹಾಗೆ ಕೇಳುತ್ತದೆ. ಮೆತ್ತನೆಯ ಸ್ಟಾಪಿನಿಂದ ಆ ಗುಣ ಬರುವುದಿಲ್ಲ. ಒಂದು ಇಡೀ ಚರಣಕ್ಕೆ ಸ್ವೆಲ್ ಪೆಡಲ್ ಒಂದೇ ಸಲ ತೆರೆದುಕೊಂಡು ಒಂದೇ ಸಲ ಮುಚ್ಚಿದರೆ ಸಾಕು. ಪ್ರತಿ ಸಾಲಿಗೂ ಏರಿಳಿಸಿದರೆ ಕೇಳುವವರಿಗೆ ಸಮುದ್ರದ ಮೇಲೆ ತಲೆ ಸುತ್ತಿದ ಹಾಗಾಗುತ್ತದೆ.

ಸ್ಟಾಪುಗಳ ವಿಷಯದಲ್ಲಿ ನನ್ನದು ಸ್ವಲ್ಪ ಜಿಪುಣ ಬುದ್ಧಿ. ಜನ ಬಂದು ಕೂರುವ ಹೊತ್ತಿಗೆ 8 ಅಡಿಯ ಒಂದು ಫ್ಲೂಟ್, ಪೆಡಲಿಗೆ, ಅಂದರೆ ಕಾಲಿನಿಂದ ನುಡಿಸುವ ಕೀಲಿಮಣೆಗೆ, 16 ಅಡಿಯ ಮೆತ್ತನೆಯ ಬೂರ್ಡನ್ ಸ್ಟಾಪ್. ಅಷ್ಟೇ. ಸೆಲೆಸ್ಟ್ ಅನ್ನುವ ಸ್ಟಾಪ್ ಎಲ್ಲರಿಗೂ ಇಷ್ಟ. ಅದರ ಪೈಪುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಇಟ್ಟಿರುತ್ತಾರೆ, ಅದಕ್ಕೇ ಜೊತೆಯ ಸ್ಟಾಪಿನೊಂದಿಗೆ ಸೇರಿ ಅಲೆ ಅಲೆಯಾಗಿ ಕೇಳುತ್ತದೆ. ಸಕ್ಕರೆ ಇದ್ದ ಹಾಗೆ. ಒಂದು ಕೃತಿಗೆ ಸರಿ, ಇಡೀ ಊಟಕ್ಕಲ್ಲ. ಜನ ಹಾಡುವಾಗ ಮಾತ್ರ ಸೆಲೆಸ್ಟ್, ಟ್ರೆಮುಲೆಂಟ್ ಎರಡನ್ನೂ ಒಳಗೆ ತಳ್ಳಿಬಿಡಿ. ಅಳುತ್ತಾ ಹಾಡುವವರಿಗೆ ಹಿಡಿದುಕೊಳ್ಳಲು ನೇರವಾದ, ಸ್ಪಷ್ಟವಾದ ಸ್ವರ ಬೇಕು. 8 ಅಡಿ ಮತ್ತು 4 ಅಡಿಯ ಪ್ರಿನ್ಸಿಪಲ್ (ಆರ್ಗನ್‌ನ ಮೂಲ ದನಿಯ ಸ್ಟಾಪ್), ಸದ್ದು ಜಾಸ್ತಿ ಅನ್ನಿಸಿದರೆ ಫ್ಲೂಟ್.

ಹಾಡಿನ ಮಾತು ಬಂತಲ್ಲ, ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶವಸಂಸ್ಕಾರದಲ್ಲಿ ಆರ್ಗನ್ ನುಡಿಸುವವರ ನಿಜವಾದ ಕೆಲಸ ಇರುವುದು ಅಲ್ಲೇ. ಜನ ಬಾಕಿ ಎಲ್ಲವನ್ನೂ ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಕೂತಿರುತ್ತಾರೆ, ಹಾಡನ್ನು ಮಾತ್ರ ತಾವೇ ಹಾಡಬೇಕು. ಅಳುವಾಗ ಗಂಟಲು ಬಿಗಿಯುತ್ತದೆ, ಮೇಲಿನ ಸ್ವರ ಏರುವುದಿಲ್ಲ. ಆದ್ದರಿಂದ ಭಾನುವಾರ ನುಡಿಸುವ ಶ್ರುತಿಗಿಂತ ಒಂದು ಸ್ವರ ಇಳಿಸಿ ನುಡಿಸಿ. ನಡುವೆ ಎಲ್ಲರ ದನಿ ನಿಂತೇ ಹೋಗುವ ಕ್ಷಣವೂ ಬರಬಹುದು. ಮುಂದಿನ ಸಾಲಿನಲ್ಲಿ ಕೂತ ಮನೆಯವರು ಹಾಡು ಬಿಡುತ್ತಾರೆ, ಅವರನ್ನು ನೋಡಿ ಹಿಂದಿನವರೂ ಬಿಡುತ್ತಾರೆ. ಆಗ ಗಾಬರಿಯಿಂದ ಸ್ಟಾಪ್ ಮೇಲೆ ಸ್ಟಾಪ್ ಎಳೆಯಬೇಡಿ. ನಿಧಾನವೂ ಮಾಡಬೇಡಿ. ರಾಗವನ್ನು ಸ್ಪಷ್ಟವಾಗಿ, ಅದೇ ನಡಿಗೆಯಲ್ಲಿ ಮುಂದುವರಿಸಿ. ಮುಂದಿನ ಸಾಲಿಗೆ ಯಾರೋ ಒಬ್ಬರು ಸೇರಿಕೊಳ್ಳುತ್ತಾರೆ, ಆಮೇಲೆ ಇನ್ನೊಬ್ಬರು. ಹಾಡು ನಿಂತಿಲ್ಲ ಅನ್ನುವುದೇ ಅವರಿಗೆ ಬೇಕಾಗಿರುವುದು.

ನಿಧಾನದ ಬಗ್ಗೆ ಇನ್ನೊಂದು ಮಾತು. ದುಃಖ ಅಂದರೆ ನಿಧಾನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ಆಗದಷ್ಟು ನಿಧಾನ ಮಾಡಿದರೆ ಅದು ಭಾವ ಅಲ್ಲ, ಹಿಂಸೆ. ನೀವೇ ಬೆಂಚಿನ ಮೇಲೆ ಕೂತು ಸಣ್ಣ ದನಿಯಲ್ಲಿ ಹಾಡಿಕೊಂಡು ನೋಡಿ, ಅದೂ ಮೂಗು ಕಟ್ಟಿದವರ ಉಸಿರಿನಲ್ಲಿ. ಇದರ ಜೊತೆ ಕಟ್ಟಡವೂ ಒಂದು ಮೋಸ ಮಾಡುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಜನ ನಿಮ್ಮಿಂದ 34 ಮೀಟರ್ ದೂರ ಇದ್ದರೆ ನಿಮ್ಮ ಸ್ವರ ಅವರಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ, ಅವರ ದನಿ ನಿಮಗೆ ಬರಲು ಇನ್ನೊಂದು ಅಷ್ಟೇ. ಅವರು ಹಿಂದೆ ಬಿದ್ದಿದ್ದಾರೆ ಅಂತ ನೀವು ಕಾಯುತ್ತೀರಿ, ನೀವು ಕಾದಿರಿ ಅಂತ ಅವರು ಕಾಯುತ್ತಾರೆ. ನಾಲ್ಕನೇ ಚರಣದ ಹೊತ್ತಿಗೆ ಹಾಡು ತೆವಳುತ್ತಿರುತ್ತದೆ. ಕಿವಿ ಅವರ ಕಡೆ ಇರಲಿ, ಲೆಕ್ಕ ನಿಮ್ಮದೇ ಇರಲಿ.

ಭಾವಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉಪಾಯ ಅತಿ ಸುಲಭದ್ದು. ಕೊನೆಯ ಚರಣಕ್ಕೆ ಮೊದಲಿನ ಚರಣವನ್ನು ಪೆಡಲ್ ಇಲ್ಲದೆ ನುಡಿಸಿ, ಕೈ ಮಾತ್ರ. 16 ಅಡಿಯ ಪೈಪಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 33 ಸಲ ಕಂಪಿಸುತ್ತದೆ. ಅದನ್ನು ಕಿವಿಗಿಂತ ಜಾಸ್ತಿ ಬೆಂಚು, ನೆಲ, ಎದೆ ಕೇಳಿಸಿಕೊಳ್ಳುತ್ತವೆ. ಅದು ಹೋದಾಗ ಏನು ಹೋಯಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ, ಕಾಲಡಿ ನೆಲ ಸರಿದ ಹಾಗೆ ಅನ್ನಿಸುತ್ತದೆ. ಜನ ತಮ್ಮ ದನಿಯನ್ನು ತಾವೇ ಕೇಳಿಕೊಳ್ಳುತ್ತಾರೆ. ಕೊನೆಯ ಚರಣಕ್ಕೆ ಪೆಡಲ್ ಮತ್ತೆ ಬಂದಾಗ ಯಾರೋ ಬೆನ್ನಿಗೆ ಕೈ ಇಟ್ಟ ಹಾಗಾಗುತ್ತದೆ. ಒಂದೇ ಒಂದು ಸ್ಟಾಪ್ ಬದಲಿಸಬೇಕಿಲ್ಲ.

ಈಗ ಕೃತಿಗಳು. ಬಾಕ್ ಅವರ 'ಆರ್ಗೆಲ್‌ಬ್ಯುಖ್‌ಲೈನ್' ಸಂಗ್ರಹದಲ್ಲಿರುವ 'ಇಖ್ ರೂಫ್ ತ್ಸು ದಿರ್' ('ನಿನ್ನನ್ನು ಕರೆಯುತ್ತೇನೆ'), ಬಾಕ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯೂವಿ 639, ನಿಮಗೆ ಮೊದಲ ಪಾಠ ಆಗಲಿ. ಎರಡೇ ಪುಟದೊಳಗೆ ಮುಗಿಯುತ್ತದೆ. ಆ ಸಂಗ್ರಹದಲ್ಲಿ ಮೂರೇ ದನಿಗಳಿರುವುದು ಇದೊಂದಕ್ಕೆ: ಬಲಗೈಗೆ ರಾಗ, ಎಡಗೈಗೆ ನಿಲ್ಲದೆ ಹರಿಯುವ ಸಣ್ಣ ಸ್ವರಗಳು, ಕಾಲಿಗೆ ಒಂದೇ ಸಮನೆ ನಡೆಯುವ ಸ್ವರಗಳು. ಎಲ್ಲರ ಗಮನ ಬಲಗೈಗೆ ಹೋಗುತ್ತದೆ. ನೀವು ಕಾಲಿಗೆ ಕೊಡಿ. ಅಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬರುತ್ತದೆ. ಎರಡರ ನಡುವೆ ಜಾಸ್ತಿ ಬಿಟ್ಟರೆ ಕುಣಿದ ಹಾಗಾಗುತ್ತದೆ, ಕಡಿಮೆ ಬಿಟ್ಟರೆ ಒಂದೇ ಉದ್ದ ಗುಂಯ್. ನಡುವೆ ಒಂದು ಜಾಗ ಇದೆ, ಎದೆಬಡಿತದ ಹಾಗೆ ಕೇಳುತ್ತದೆ. ಆ ಜಾಗ ಪ್ರತಿ ಕಟ್ಟಡದಲ್ಲೂ ಬೇರೆ. ಅದನ್ನು ಹುಡುಕಲು ನನಗೆ ಒಂದೊಂದು ಸಲ ಅರ್ಧ ದಿನ ಹಿಡಿದಿದೆ. ಅದು ಸಿಕ್ಕಿದ ಮೇಲೆ ಬಲಗೈಗೆ ನೀವು ಏನೂ 'ಭಾವ' ಹಚ್ಚಬೇಕಾಗಿಲ್ಲ.

ದುಃಖಕ್ಕೆ ಮೈನರ್ ಶ್ರುತಿಯೇ ಬೇಕು ಅಂತಲೂ ಇಲ್ಲ. ಹ್ಯಾಂಡೆಲ್ 1739ರ 'ಸಾಲ್' ಕೃತಿಗೆ ಬರೆದ ಶವಯಾತ್ರೆಯ ನಡೆ ಸಿ ಮೇಜರ್‌ನಲ್ಲಿದೆ. ಬಾಕ್ ಅವರ ಅದೇ ಸಂಗ್ರಹದಲ್ಲಿ 'ಮನುಷ್ಯರೆಲ್ಲ ಸಾಯಲೇಬೇಕು' ಅನ್ನುವ ಹಾಡಿನ ಮೇಲೆ ಕಟ್ಟಿದ ಕೃತಿ ಇದೆ, ಬಿಡಬ್ಲ್ಯೂವಿ 643. ಅದು ಜಿ ಮೇಜರ್, ಬೆಳಗಿನ ಬಿಸಿಲಿನ ಹಾಗಿದೆ. ತುಂಬಾ ವಯಸ್ಸಾಗಿ, ತುಂಬಿದ ಬಾಳು ಬಾಳಿ ಹೋದವರಿಗೆ ನಾನು ಅದನ್ನೇ ನುಡಿಸುತ್ತೇನೆ.

ಬ್ರಾಮ್ಸ್ ಸಾಯುವ ಹಿಂದಿನ ವರ್ಷ, 1896ರಲ್ಲಿ, ಹನ್ನೊಂದು ಕೊರಾಲ್ ಪ್ರೆಲೂಡ್ (ಚರ್ಚಿನ ಹಾಡಿನ ರಾಗದ ಮೇಲೆ ಕಟ್ಟಿದ ಆರ್ಗನ್ ಕೃತಿ) ಬರೆದರು. ಕೊನೆಯದು 'ಓ ಲೋಕವೇ, ನಿನ್ನ ಬಿಟ್ಟು ಹೊರಡಬೇಕು' ಅನ್ನುವ ಹಾಡಿನ ಮೇಲೆ. ಅದರಲ್ಲಿ ಸಾಲಿನ ಕೊನೆಯ ತುಣುಕು ಮತ್ತೆ ಎರಡು ಸಲ ಬರುತ್ತದೆ, ಒಮ್ಮೆ ಮೆತ್ತಗೆ, ಇನ್ನೊಮ್ಮೆ ಇನ್ನೂ ಮೆತ್ತಗೆ. ಹೋಗುತ್ತಿರುವವರು ತಿರುಗಿ ತಿರುಗಿ ನೋಡಿದ ಹಾಗೆ. ಇದನ್ನು ಸ್ವೆಲ್ ಪೆಡಲಿನಿಂದ ಮಾಡಲು ಹೋಗಬೇಡಿ, ಕೈಯನ್ನು ಒಂದು ಕೀಲಿಮಣೆಯಿಂದ ಇನ್ನೊಂದಕ್ಕೆ ಎತ್ತಿಡಿ. ಆ ಎತ್ತಿಡುವ ಹೊತ್ತು ಇದೆಯಲ್ಲ, ಅದನ್ನು ಅವಸರಿಸಬೇಡಿ.

ಪಿಯಾನೊ ಕೃತಿಗಳನ್ನು ತರಬಹುದಾ ಅಂತ ನೀವು ಮುಂದೆ ಕೇಳುತ್ತೀರಿ ಅಂತ ಗೊತ್ತು. ತರಬಹುದು, ಅದಕ್ಕೆ ಹಳೆಯ ಮೇಲ್ಪಂಕ್ತಿಯೇ ಇದೆ. 1849ರ ಅಕ್ಟೋಬರ್ 30ರಂದು ಪ್ಯಾರಿಸ್ಸಿನ ಮದಲೇನ್ ಚರ್ಚಿನಲ್ಲಿ ಶೊಪಾನ್ ಅವರ ಅಂತ್ಯಕ್ರಿಯೆ ನಡೆದಾಗ ಅವರದೇ ಇ ಮೈನರ್ ಮತ್ತು ಬಿ ಮೈನರ್ ಪಿಯಾನೊ ಪ್ರೆಲೂಡುಗಳನ್ನು ಆ ಚರ್ಚಿನ ಆರ್ಗನ್ ವಾದಕ ಲೆಫೆಬ್ಯೂರ್-ವೆಲಿ ಆರ್ಗನ್‌ನಲ್ಲಿ ನುಡಿಸಿದರು. ಇ ಮೈನರ್ ನಿಮ್ಮ ಕೈಗೆ ಈಗಾಗಲೇ ಬರುತ್ತಿರಬೇಕು. ಅದರ ಎಡಗೈಯಲ್ಲಿ ಒಂದೇ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಮತ್ತೆ ಮತ್ತೆ ಬೀಳುತ್ತದೆ. ಬರೆದ ಹಾಗೇ ಆರ್ಗನ್‌ನಲ್ಲಿ ಬಡಿದರೆ ಹೊಲಿಗೆ ಯಂತ್ರ! ಸ್ವಲ್ಪ ಗಮನಿಸಿ: ಆ ಕಾರ್ಡಿನಲ್ಲಿ ಸ್ವರಗಳು ಒಟ್ಟಿಗೆ ಬದಲಾಗುವುದು ಕಡಿಮೆ, ಹೆಚ್ಚಾಗಿ ಒಂದೊಂದೇ ಸ್ವರ ಅರ್ಧ ಮೆಟ್ಟಿಲು ಕೆಳಗೆ ಜಾರುತ್ತದೆ. ಆದ್ದರಿಂದ ಬದಲಾಗದ ಸ್ವರಗಳನ್ನು ಹಿಡಿದೇ ಇಡಿ, ಜಾರುವ ಸ್ವರವನ್ನು ಮಾತ್ರ ಜಾರಿಸಿ. ಪಿಯಾನೊದಲ್ಲಿ ಮಸುಕಾಗಿ ಕೇಳುತ್ತಿದ್ದ ಆ ಇಳಿಜಾರು ಇಲ್ಲಿ ಗೆರೆ ಎಳೆದ ಹಾಗೆ ಕೇಳುತ್ತದೆ. ಕೊನೆಯ ಮೂರು ಕಾರ್ಡಿಗೆ ಮೊದಲು ಒಂದು ಮೌನ ಬರೆದಿದ್ದಾರೆ. ಪಿಯಾನೊದಲ್ಲಿ ಆ ಹೊತ್ತಿಗೆ ಸದ್ದು ಹೇಗೂ ಕುಗ್ಗಿರುತ್ತದೆ. ಇಲ್ಲಿ ಅದು ಒಂದಿಷ್ಟೂ ಕುಗ್ಗದೆ ಹಾಗೇ ಇರುತ್ತದೆ, ನೀವೇ ಬೆರಳು ಎತ್ತಿ ಬಿಡಬೇಕು. ಬಿಟ್ಟ ಮೇಲೆ ಗೋಡೆಗಳಿಂದ ಕೊನೆಯ ಗುಂಯ್ ಹೋಗುವವರೆಗೆ ಕಾಯಿರಿ. ಆಮೇಲೆ ಆ ಮೂರು.

ಶವಪೆಟ್ಟಿಗೆ ಹೊತ್ತು ಹೊರಗೆ ಹೋಗುವಾಗ ನುಡಿಸುವುದಕ್ಕೆ ಯಾವ ಕೃತಿಯಾದರೂ ಸರಿ, ಆದರೆ ಅದಕ್ಕೆ ಬಾಗಿಲುಗಳಿರಬೇಕು. ಅಂದರೆ ನಡುವೆ ಗೌರವವಾಗಿ ಮುಗಿಸಬಹುದಾದ ಜಾಗಗಳು. ನಾನು ಹಾಳೆಯ ಮೇಲೆ ಪೆನ್ಸಿಲ್‌ನಿಂದ ಅಂಥ ನಾಲ್ಕು ಕಡೆ ಗುರುತು ಮಾಡಿಟ್ಟಿರುತ್ತೇನೆ. ಹೊರುವವರು ಕೆಲವು ಸಲ ಎರಡು ನಿಮಿಷದಲ್ಲಿ ಹೊರಗಿರುತ್ತಾರೆ, ಕೆಲವು ಸಲ ಬಾಗಿಲಲ್ಲಿ ತಿರುಗಿಸಲು ಆಗದೆ ಐದು ನಿಮಿಷ ನಿಲ್ಲುತ್ತಾರೆ. ಬೆನ್ನ ಹಿಂದಿನದನ್ನು ತೋರಿಸುವ ಕನ್ನಡಿ ನೋಡುತ್ತಾ ನುಡಿಸಿ. ಅವರ ಹೆಜ್ಜೆಗೆ ತಾಳ ಹೊಂದಿಸುವ ಆಸೆ ಬೇಡ. ಭಾರ ಹೊತ್ತವರ ಹೆಜ್ಜೆ ತಪ್ಪುತ್ತಲೇ ಇರುತ್ತದೆ, ನೀವೂ ತಪ್ಪುತ್ತೀರಿ.

ಯಂತ್ರದ ಕಡೆಯಿಂದ ಆಗುವ ಅನಾಹುತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಮ್ಮೆ ಮೌನ ಪ್ರಾರ್ಥನೆಗೆ ಎಲ್ಲರೂ ತಲೆ ಬಾಗಿಸಿದ್ದರು. ನಾನು ಕೈ ಎತ್ತಿದೆ, ಒಂದು ಸ್ವರ ಮಾತ್ರ ನಿಲ್ಲಲಿಲ್ಲ. ಕವಾಟ ಅಂಟಿಕೊಂಡಿತ್ತು. ಕೊಂಬಿನ ಹಾಗೆ ಕೂಗುತ್ತಲೇ ಇತ್ತು. ನಾಲ್ಕೈದು ಸೆಕೆಂಡು ಇರಬೇಕು, ನನಗೆ ಅರ್ಧ ಗಂಟೆ ಅನ್ನಿಸಿತು. ಸ್ಟಾಪ್ ಒಳಗೆ ತಳ್ಳಿದರೆ ಆ ಸಾಲಿನ ಪೈಪುಗಳಿಗೆ ಗಾಳಿ ನಿಲ್ಲುತ್ತದೆ, ಸ್ವರವೂ ನಿಲ್ಲುತ್ತದೆ ಅನ್ನುವುದು ಆ ಕ್ಷಣದಲ್ಲಿ ಹೊಳೆಯಲೇ ಇಲ್ಲ. ಅವತ್ತಿನಿಂದ ಅರ್ಧ ಗಂಟೆ ಮುಂಚೆ ಹೋಗಿ, ಬಳಸುವ ಪ್ರತಿ ಸ್ಟಾಪಿನ ಪ್ರತಿ ಸ್ವರವನ್ನೂ ಒಮ್ಮೆ ಒತ್ತಿ ನೋಡುತ್ತೇನೆ. ಇನ್ನೊಂದು, ಸ್ಟಾಪ್ ಎಳೆಯುವಾಗ ಬರುವ ಟಕ್ ಸದ್ದು ಮೌನದಲ್ಲಿ ಎಲ್ಲರಿಗೂ ಕೇಳುತ್ತದೆ. ಪ್ರಾರ್ಥನೆ ಶುರುವಾಗುವ ಮೊದಲೇ ಮುಂದಿನದಕ್ಕೆ ಬೇಕಾದ್ದನ್ನು ಎಳೆದಿಡಿ.

ಕೊನೆಗೆ ಅಳು. ಬರುತ್ತದೆ. ಅದರಲ್ಲೂ ನಿಮಗೆ ಬೇಕಾದವರೇ ಶವಪೆಟ್ಟಿಗೆಯಲ್ಲಿದ್ದಾಗ. ಕಣ್ಣು ಮಂಜಾದರೆ ಹಾಳೆ ಕಾಣುವುದಿಲ್ಲ. ಅದಕ್ಕೇ ಆ ದಿನಕ್ಕೆ ನಿಮ್ಮ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಕೃತಿಗಳನ್ನೇ ಇಟ್ಟುಕೊಳ್ಳಿ. ನಿದ್ದೆಯಲ್ಲಿ ಎಬ್ಬಿಸಿದರೂ ಬರಬೇಕು. ಬೆರಳು ಸಂಖ್ಯೆ, ಕಾಲು ಗುರುತು ಎಲ್ಲ ದಪ್ಪ ಪೆನ್ಸಿಲ್‌ನಲ್ಲಿ ಬರೆದಿಡಿ. ಹಾಡಿನ ಪದಗಳ ಅರ್ಥ ಯೋಚಿಸಬೇಡಿ, ಸಾಲಿನ ಉಸಿರು ಎಣಿಸಿ. ಅಳು ಉಕ್ಕಿ ಬಂದರೆ ಉಸಿರನ್ನು ಹೊರಗೆ ಬಿಡಿ, ಒಳಗೆ ಎಳೆದು ಹಿಡಿಯಬೇಡಿ. ಎಳೆದು ಹಿಡಿದರೆ ಭುಜ ಬಿಗಿಯುತ್ತದೆ, ಮೊದಲು ಕೆಡುವುದು ಕಾಲು. ಪೂರ್ತಿ ಆಗದೇ ಹೋದರೆ ಪೆಡಲ್ ಬಿಡಿ, ಎಡಗೈ ಬಿಡಿ, ರಾಗ ಒಂದನ್ನೇ ನುಡಿಸಿ. ಬರೀ ರಾಗ ಒಂಟಿಯಾಗಿ ಕೇಳಿದಾಗ ಯಾರೂ ತಪ್ಪು ಅಂದುಕೊಳ್ಳುವುದಿಲ್ಲ. ಒಮ್ಮೆ ನಾನು ಹೀಗೆ ಮಾಡಬೇಕಾಗಿ ಬಂದಾಗ, ಬೇಕೆಂದೇ ಹಾಗೆ ನುಡಿಸಿದೆ ಅಂದುಕೊಂಡು ಒಬ್ಬರು ಬಂದು ಕೈ ಹಿಡಿದುಕೊಂಡರು. ನಾನು ತಿದ್ದಲಿಲ್ಲ.

ಎಲ್ಲರೂ ಹೊರಟ ಮೇಲೆ ಸ್ಟಾಪುಗಳನ್ನು ಒಳಗೆ ತಳ್ಳಿ. ಸ್ವೆಲ್ ಪೆಟ್ಟಿಗೆ ಮಾತ್ರ ಪೂರ್ತಿ ತೆರೆದಿಟ್ಟು, ಆಮೇಲೆ ಗಾಳಿ ಯಂತ್ರ ಆರಿಸಿ. ಮುಚ್ಚಿಟ್ಟರೆ ಒಳಗಿನ ಬಿಸಿ ಬೇರೆ, ಹೊರಗಿನ ಬಿಸಿ ಬೇರೆ ಆಗಿ ಮುಂದಿನ ಸಲ ಕೂತಾಗ ಪೈಪುಗಳ ಶ್ರುತಿ ಒಂದಕ್ಕೊಂದು ಕೂಡುವುದಿಲ್ಲ.